ಪೊಟ್ಟಣ, ಪೋಸ್ಟರ್, ಪುಸ್ತಿಕೆ: ಡಿಸೈನ್ ತರಗತಿಯ ಏಳು ಪ್ರಶ್ನೆಗಳು

ಗ್ರಾಫಿಕ್ ಡಿಸೈನ್ ಕಲಿಯುವವರ ತರಗತಿ ಪ್ರಾಜೆಕ್ಟ್‌ಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಏಳು ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ. ಹೆಚ್ಚಿನವುಗಳ ಹಿಂದೆ ಒಂದೇ ತೊಡಕಿದೆ: ಕೆಲಸ ಪರದೆಯ ಮೇಲೆ ಮುಗಿದಿರುತ್ತದೆ, ಕಾಗದದ ಮೇಲೆ ಶುರುವೇ ಆಗಿರುವುದಿಲ್ಲ. ಹಾಗಾಗಿ ಉತ್ತರಗಳಲ್ಲಿ ಅಳತೆಗಳೇ ಹೆಚ್ಚು.

ಪ್ಯಾಕೇಜಿಂಗ್ ವಿಷಯಕ್ಕೆ 250 ಗ್ರಾಂ ಫಿಲ್ಟರ್ ಕಾಫಿ ಪುಡಿಯ ಪೊಟ್ಟಣ ಮಾಡಬೇಕು. ಮುಂಭಾಗದ ಚಿತ್ರ ಕಂಪ್ಯೂಟರ್‌ನಲ್ಲಿ ಚೆನ್ನಾಗಿದೆ. ಪ್ರಿಂಟ್ ತೆಗೆದು ಮಡಚಿದರೆ ಹೆಸರಿನ ಅರ್ಧ ಮಡಿಕೆಯೊಳಗೆ ಹೋಗುತ್ತಿದೆ. ಏನು ಮಾಡಲಿ?
— ವಿದ್ಯಾರ್ಥಿನಿ, ಚಿಕ್ಕಮಗಳೂರು

ಚಿತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅಂಗಡಿಯಿಂದ ತಂದ ಕಾಫಿ ಪೊಟ್ಟಣವೊಂದನ್ನು ಖಾಲಿ ಮಾಡಿ, ಹಿಂಬದಿಯ ಜೋಡಣೆಯನ್ನು ನಿಧಾನವಾಗಿ ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ. ಎಲ್ಲಿ ಮಡಿಕೆ, ಎಲ್ಲಿ ಅಂಟು, ಎಲ್ಲಿ ಸೀಲ್ ಎಂಬುದನ್ನು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಡಿಸೈನ್ ಕೂರಬೇಕಾದದ್ದು ಆ ಹಾಳೆಯ ಮೇಲೆ.

ನಿಮ್ಮದೇ ಅಳತೆ ಬೇಕೆಂದರೆ ಲೆಕ್ಕ ಸುಲಭ. ಹುರಿತ ಮತ್ತು ಪುಡಿಯ ಹದಕ್ಕೆ ತಕ್ಕಂತೆ 250 ಗ್ರಾಂ ಕಾಫಿ ಪುಡಿ ಸುಮಾರು 600ರಿಂದ 700 ಮಿಲಿಲೀಟರ್ ಜಾಗ ಹಿಡಿಯುತ್ತದೆ. 640 ಎಂದುಕೊಳ್ಳೋಣ. ಮುಂಭಾಗ 8 ಸೆಂ.ಮೀ., ಪಕ್ಕದ ಮಡಿಕೆ 5 ಸೆಂ.ಮೀ. ಇಟ್ಟರೆ ತಳ 40 ಚದರ ಸೆಂ.ಮೀ. ಆಗುತ್ತದೆ, ಪುಡಿ 16 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ. ತಳದ ಮಡಿಕೆಗೆ 4, ಮೇಲೆ ಸುತ್ತಿ ಕಟ್ಟಲು 5 ಸೇರಿಸಿದರೆ ಒಟ್ಟು ಎತ್ತರ 25 ಸೆಂ.ಮೀ. ಅಗಲದಲ್ಲಿ ಮುಂದೆ 8, ಹಿಂದೆ 8, ಪಕ್ಕ 5 ಮತ್ತು 5, ಅಂಟಿಗೆ 1, ಅಂದರೆ 27. ಸುತ್ತಲೂ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಸೇರಿಸಿದರೂ ಇಡೀ ಪೊಟ್ಟಣ ಒಂದು ಎ3 ಹಾಳೆಯಲ್ಲಿ ಕೂರುತ್ತದೆ. ಡಮ್ಮಿಗೆ (ಪರೀಕ್ಷೆಯ ಮಾದರಿ ಪೊಟ್ಟಣಕ್ಕೆ) 90ರಿಂದ 100 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾಗದ ಸಾಕು. 200ರ ಮೇಲಿನ ಕಾರ್ಡ್ ತಂದರೆ ಪಕ್ಕದ ಮಡಿಕೆ ಒಳಕ್ಕೆ ಹೋಗದೆ ಬಿರಿಯುತ್ತದೆ.

ಡಮ್ಮಿಯೊಳಗೆ ರವೆ ತುಂಬಬೇಡಿ. ಅದೇ ತೂಕದ ರವೆಗೆ ತೀರ ಕಡಿಮೆ ಜಾಗ ಸಾಕು, ಪೊಟ್ಟಣ ಅರ್ಧಕ್ಕೆ ಕುಸಿದು ನಿಮ್ಮ ಲೆಕ್ಕವೇ ತಪ್ಪೆಂದು ಕಾಣುತ್ತದೆ. ಪುಡಿಯನ್ನೇ ತುಂಬಿ, ಇಲ್ಲವೆಂದರೆ ಫಿಲ್ಟರ್‌ನಲ್ಲಿ ಉಳಿದ ಚರಟವನ್ನು ಬಿಸಿಲಿಗೆ ಗರಿಗರಿಯಾಗಿ ಒಣಗಿಸಿಟ್ಟುಕೊಂಡು, 640 ಮಿಲಿಲೀಟರ್ ಅಳೆದು ಬಳಸಿ. ತುಂಬಿದ ಪೊಟ್ಟಣದ ಮುಂಭಾಗ ಉಬ್ಬುತ್ತದೆ. ಅಂಚಿಗೆ ಒತ್ತಿ ಇಟ್ಟ ಅಕ್ಷರಗಳು ಆಗ ಬಾಗಿ ಪಕ್ಕಕ್ಕೆ ಜಾರುವುದು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಪ್ರತಿ ಮಡಿಕೆಯಿಂದ 5 ಮಿ.ಮೀ. ಒಳಗೇ ಅಕ್ಷರ ಇರಲಿ. ಪಕ್ಕದ 5 ಸೆಂ.ಮೀ. ಪಟ್ಟಿ ನಟ್ಟನಡುವೆ ಒಳಕ್ಕೆ ಮಡಚಿಕೊಳ್ಳುವುದರಿಂದ ಆ ನಡುಗೆರೆ ದಾಟಿ ಯಾವ ಸಾಲೂ ಹೋಗಬಾರದು. ಮೇಲಿನ 5 ಸೆಂ.ಮೀ. ಸುತ್ತಿಹೋಗುತ್ತದೆ, ಅಲ್ಲಿ ಬಣ್ಣ ಸಾಕು. ಹೆಸರು ಕೆಳಗೆ ಇಳಿಯಲಿ. ಪುಡಿಯ ಬದಲು ಹುರಿದ ಬೀಜದ ಪೊಟ್ಟಣ ಮಾಡುವುದಾದರೆ, ಬೀಜ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಹೋಗಲು ಏಕಮುಖ ವಾಲ್ವ್ ಕೂರುತ್ತದೆ. ಅದರ ಜಾಗಕ್ಕೆ 2 ಸೆಂ.ಮೀ. ವೃತ್ತವೊಂದನ್ನು ಮೊದಲೇ ಖಾಲಿ ಬಿಡಿ.

ಇನ್ನು ಚಿತ್ರ. ಕಾಫಿಯ ಊರಿನವರು ಕಾಫಿ ಗಿಡವನ್ನು ತಪ್ಪಾಗಿ ಬರೆಯಬಾರದು. ಅಂತರ್ಜಾಲದಿಂದ ಇಳಿಸಿದ ಚಿತ್ರಗಳಲ್ಲಿ ಉದ್ದ ತೊಟ್ಟಿನ ಮೂರು ಕೆಂಪು ಹಣ್ಣು ಚೆರ್ರಿಯಂತೆ ತೂಗಾಡುತ್ತವೆ. ಕಾಫಿ ಹಣ್ಣಿನ ತೊಟ್ಟು ತೀರ ಗಿಡ್ಡ. ಎದುರುಬದುರಾದ ಜೋಡಿ ಎಲೆಗಳ ಬುಡದಲ್ಲಿ, ರೆಕ್ಕೆಯ (ಪಕ್ಕದ ಕೊಂಬೆಯ) ಪ್ರತಿ ಗಿಣ್ಣಿಗೂ ಹಣ್ಣುಗಳು ಅಂಟಿಕೊಂಡು ಗೊಂಚಲಾಗಿ ಕೂತಿರುತ್ತವೆ. ರೊಬಸ್ಟಾ ಎಲೆ ದೊಡ್ಡದು, ಅಂಚು ಅಲೆಅಲೆಯಾಗಿ ಎದ್ದು ಕಾಣುತ್ತದೆ. ಅರೇಬಿಕಾ ಎಲೆ ಚಿಕ್ಕದು. ಒಂದೇ ಗಿಣ್ಣಿನಲ್ಲಿ ಹಸಿರು, ಹಳದಿ, ಕೆಂಪು ಮೂರೂ ಇರುತ್ತವೆ, ಅದೇ ನಿಮಗೆ ಸಿದ್ಧ ಬಣ್ಣದ ಪಟ್ಟಿ. ಅನುಮತಿ ಕೇಳಿ ತೋಟದಲ್ಲಿ ಒಂದು ರೆಕ್ಕೆಯನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆ ಬರೆದರೆ ನಿಮ್ಮ ಪೊಟ್ಟಣ ಬೇರೆಲ್ಲದರಿಂದ ಬೇರೆಯಾಗಿ ನಿಲ್ಲುತ್ತದೆ.

ಹಿಂಬದಿಯ ಮಾಹಿತಿಗೂ ಜಾಗ ಮೊದಲೇ ಬಿಡಬೇಕು. ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಒಂದು ಗ್ರಾಮಿನ ಬೆಲೆ, ಪ್ಯಾಕ್ ಮಾಡಿದ ದಿನಾಂಕ, ಎಷ್ಟರೊಳಗೆ ಬಳಸಬೇಕು ಎಂಬುದು, ತಯಾರಕರ ವಿಳಾಸ, ಗ್ರಾಹಕರ ಸಂಪರ್ಕ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇರಲಿ. ಸಂಖ್ಯೆಯ ಜಾಗದಲ್ಲಿ ಬೇರೆ ಕಂಪನಿಯದನ್ನು ನಕಲು ಮಾಡದೆ ಸೊನ್ನೆಗಳನ್ನು ಹಾಕಿ. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು ಶೇಕಡ, ಚಿಕೋರಿ ಎಷ್ಟು ಶೇಕಡ ಎಂದು ನಮೂದಿಸಲೇಬೇಕು. ಕಾಫಿ 51ಕ್ಕಿಂತ ಕಡಿಮೆ ಇರುವಂತಿಲ್ಲ. ಸಸ್ಯಾಹಾರದ ಹಸಿರು ಗುರುತಿನಲ್ಲಿ ಚೌಕದ ಬದಿ ಒಳಗಿನ ವೃತ್ತದ ವ್ಯಾಸದ ಎರಡರಷ್ಟಿರಬೇಕು. ನಿಮ್ಮ ಪೊಟ್ಟಣದ ಮುಂಭಾಗ 100ರಿಂದ 500 ಚದರ ಸೆಂ.ಮೀ. ನಡುವೆ ಬರುವುದರಿಂದ ವೃತ್ತ ಕನಿಷ್ಠ 4 ಮಿ.ಮೀ., ಚೌಕ 8 ಮಿ.ಮೀ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಮುದ್ರೆ ಹಾಕುವ ಹಕ್ಕು ನೋಂದಾಯಿತ ಬಳಕೆದಾರರಿಗೆ ಮಾತ್ರ, ಅಂದಕ್ಕೆಂದು ಅಂಟಿಸಬೇಡಿ.

ಬಾರ್‌ಕೋಡ್‌ನ ಪೂರ್ಣ ಅಳತೆ 37.29 x 25.93 ಮಿ.ಮೀ. ಶೇಕಡ 80ರವರೆಗೆ ಕುಗ್ಗಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಗೆರೆಗಳನ್ನು ಕಾಫಿ ಬಣ್ಣಕ್ಕೆ ಹೊಂದಿಸುವ ಆಸೆ ಎಲ್ಲರಿಗೂ ಬರುತ್ತದೆ. ಸ್ಕ್ಯಾನರ್‌ನ ಬೆಳಕು ಕೆಂಪು. ಕೆಂಪು ಬೆರೆತ ಕಂದು ಗೆರೆ ಅದಕ್ಕೆ ಬಿಳಿಯಂತೆ ಕಾಣುತ್ತದೆ. ಬಿಳಿ ಮೇಲೆ ಕಪ್ಪು ಗೆರೆಯೇ ಇರಲಿ.

ಕನ್ನಡದಲ್ಲಿ ಟೈಪ್ ಮಾಡಿದ್ದು ಡಿಸೈನ್ ಸಾಫ್ಟ್‌ವೇರ್‌ಗೆ ಬಂದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಪ್ರೆಸ್‌ನವರು ನುಡಿ ತಂತ್ರಾಂಶದಲ್ಲಿ ಕೊಡಿ ಅನ್ನುತ್ತಾರೆ, ನಮ್ಮ ಮೇಷ್ಟ್ರು ಯೂನಿಕೋಡ್ ಬಳಸಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು?
— ವಿದ್ಯಾರ್ಥಿ, ಹಾಸನ

ಬರವಣಿಗೆಗೆ ಮೇಷ್ಟ್ರ ಮಾತು, ಅಚ್ಚಿಗೆ ಕರ್ವ್ ಮಾಡಿದ (ಅಕ್ಷರಗಳನ್ನು ಗೆರೆಚಿತ್ರವಾಗಿ ಬದಲಿಸಿದ) ಪಿಡಿಎಫ್. ನುಡಿಯ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಬದಲಿಸಿದ ಕೂಡಲೇ ಇಡೀ ಪುಟ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುವುದು ಇದೇ ಕಾರಣಕ್ಕೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿದೆ, ಒತ್ತು ಕೂಡಿಸುವ ಕೆಲಸ ಮಾತ್ರ ಸಾಫ್ಟ್‌ವೇರ್‌ನದು. ಆ ಕೆಲಸಕ್ಕೆ ಅದು ಸಿದ್ಧವಾಗಿರದಿದ್ದರೆ 'ಕೃಷ್ಣ'ದ ಒತ್ತು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಫಾಂಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ.

ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನು ತೆರೆದು ಅಡೋಬ್ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ಭಾಗಕ್ಕೆ ಹೋಗಿ ಇಂಡಿಕ್ ಆಯ್ಕೆಗಳನ್ನು ತೋರಿಸುವ ಗುರುತು ಹಾಕಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ದಕ್ಷಿಣ ಏಷ್ಯಾ ಕಂಪೋಸರ್ ಆರಿಸಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲೂ ಈ ಆಯ್ಕೆ ಟೈಪ್ ಪ್ರಿಫರೆನ್ಸಸ್‌ನಲ್ಲೇ ಇತ್ತು, ಬದಲಿಸಿದ ಮೇಲೆ ಹೊಸ ಫೈಲ್ ತೆರೆಯಬೇಕಿತ್ತು. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಏನನ್ನೂ ಬದಲಿಸದೆಯೇ ಕನ್ನಡ ಸರಿಯಾಗಿ ಮೂಡುತ್ತದೆ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಫಾಂಟ್‌ಗಳು, ಪ್ರಾಜೆಕ್ಟ್‌ಗೆ ಧೈರ್ಯವಾಗಿ ಬಳಸಬಹುದು.

ಯಾವ ಫಾಂಟ್ ಆರಿಸಿದರೂ ಮೊದಲು ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಉಜ್ಜ್ವಲ, ಅರ್ಥ, ಕೃಷ್ಣ ಎಂಬ ಪದಗಳನ್ನು ಟೈಪ್ ಮಾಡಿ ನೋಡಿ. ಇವು ಸರಿ ಬಂದರೆ ಉಳಿದದ್ದು ಹೆಚ್ಚುಕಡಿಮೆ ಸರಿ ಬರುತ್ತದೆ. 'ಪೋಸ್ಟ್‌ಕಾರ್ಡ್' ಎಂಬುದು 'ಪೋಸ್ಟ್ಕಾರ್ಡ್' ಎಂದು ಅಂಟಿಕೊಂಡರೆ ಟ್ ಆದ ಮೇಲೆ ಶೂನ್ಯ ಅಗಲದ ಬಿಡಿಸುವ ಕೀಲಿ (ZWNJ) ಒತ್ತಬೇಕು. 'ರ‍್ಯಾಲಿ' ಬರೆಯಲು ರ ಆದ ಮೇಲೆ ಕೂಡಿಸುವ ಕೀಲಿ (ZWJ) ಬೇಕು, ಇಲ್ಲದಿದ್ದರೆ ಅರ್ಕಾವೊತ್ತು ಬಂದು 'ರ್ಯಾಲಿ' ಆಗುತ್ತದೆ. ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯದಲ್ಲಿ ಅರ್ಕಾವೊತ್ತು, ದೀರ್ಘ, ಅಂಕಿ ಈ ಮೂರನ್ನು ಸಾಲುಸಾಲಾಗಿ ಓದಿ ತಿದ್ದಿ.

ಸಾಲಿನ ಅಂತರ ಬಹಳ ಮುಖ್ಯ. ಅಡೋಬ್ ತಂತ್ರಾಂಶಗಳು ತಾವಾಗಿ ಕೊಡುವುದು ಅಕ್ಷರದ ಶೇಕಡ 120, ಅಂದರೆ 12 ಪಾಯಿಂಟ್‌ಗೆ 14.4. ಇಂಗ್ಲಿಷ್‌ಗೆ ಅದು ಹೊಂದುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. 12 ಪಾಯಿಂಟ್‌ಗೆ 18ರಿಂದ 19 ಇಡಿ. ಅಕ್ಷರಗಳ ನಡುವಿನ ಟ್ರ್ಯಾಕಿಂಗ್ ಸೊನ್ನೆಯೇ ಇರಲಿ, ಎಳೆದರೆ ಒತ್ತು ತನ್ನ ಅಕ್ಷರವನ್ನು ಬಿಟ್ಟು ಸರಿಯುತ್ತದೆ. ಸಾಫ್ಟ್‌ವೇರ್ ತಾನೇ ದಪ್ಪ ಮಾಡಿದ ನಕಲಿ ಬೋಲ್ಡ್‌ನಲ್ಲಿ ಷ, ಕ್ಷದಂಥ ಅಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ದಪ್ಪ ಬೇಕೆಂದರೆ ದಪ್ಪ ಕಟ್ಟೇ ಇರುವ ಫಾಂಟ್ ಹುಡುಕಿ. ಎರಡು ಭಾಷೆಯ ಪೋಸ್ಟರ್‌ನಲ್ಲಿ ಪಾಯಿಂಟ್ ಲೆಕ್ಕ ನಂಬಬೇಡಿ. ಕನ್ನಡದ 'ರ' ಮತ್ತು ಇಂಗ್ಲಿಷ್‌ನ ಸಣ್ಣ ಎಕ್ಸ್ ಅಕ್ಷರವನ್ನು ಪಕ್ಕಪಕ್ಕ ಇಟ್ಟು ಕಣ್ಣಳತೆಯಲ್ಲಿ ಹೊಂದಿಸಿ. ಅಂಗಡಿ ಫಲಕದ ಪ್ರಾಜೆಕ್ಟ್ ಆಗಿದ್ದರೆ ಲೆಕ್ಕ ಬೇರೆ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಫಲಕದ ಶೇಕಡ 60 ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ. ಕನ್ನಡದ ಹೆಸರನ್ನು ಮೊದಲು ಬರೆದು ಜಾಗ ಕೊಡಿ, ಇಂಗ್ಲಿಷ್ ಆಮೇಲೆ ಹೊಂದಿಕೊಳ್ಳುತ್ತದೆ. ಹಿಂದುಮುಂದಾಗಿ ಮಾಡಿದ ಫಲಕಗಳಲ್ಲಿ ಕನ್ನಡ ಇಕ್ಕಟ್ಟಾಗಿ ಕೂತಿರುವುದು ಎಷ್ಟು ದೂರದಿಂದಲೂ ಗೊತ್ತಾಗುತ್ತದೆ.

ಪ್ರೆಸ್‌ಗೆ ಕೊಡುವಾಗ ಎರಡು ಪ್ರತಿ ಇಟ್ಟುಕೊಳ್ಳಿ. ತಿದ್ದಲು ಬರುವ ಯೂನಿಕೋಡ್ ಪ್ರತಿ ನಿಮ್ಮ ಬಳಿ. ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಬ್ಲೀಡ್ ಸೇರಿಸಿದ ಪಿಡಿಎಫ್ ಅವರ ಬಳಿ. ಅವರ ಕೋರಲ್‌ಡ್ರಾ ಹಳೆಯದಾದರೂ ಅಕ್ಷರ ಒಡೆಯುವುದಿಲ್ಲ.

ಹೊಯ್ಸಳ ಕೆತ್ತನೆಯಿಂದ ಬಟ್ಟೆಗೆ ಪ್ಯಾಟರ್ನ್ ಮಾಡಬೇಕು. ಫೋಟೋ ತೆಗೆದು ಟ್ರೇಸ್ ಮಾಡಿದೆ, ತುಂಬ ಗಿಜಿಗಿಜಿ ಆಯಿತು. ಪಕ್ಕಪಕ್ಕ ಇಟ್ಟರೆ ಜೋಡಣೆಯ ಗೆರೆಯೂ ಕಾಣುತ್ತದೆ.
— ವಿದ್ಯಾರ್ಥಿನಿ, ಬೇಲೂರು

ನಿಮ್ಮ ಊರಿನಲ್ಲೇ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯವಿದೆ, ಹಳೇಬೀಡು ಹತ್ತಿರದಲ್ಲೇ. 2023ರಿಂದ ಇವು ವಿಶ್ವ ಪಾರಂಪರಿಕ ತಾಣಗಳು. ಕಲ್ಲಿನ ಮೇಲೆ ಕಾಗದವಿಟ್ಟು ಸೀಸ ಉಜ್ಜುವುದು, ಬಣ್ಣ ತಾಗಿಸುವುದು ಬೇಡವೇ ಬೇಡ. ಟ್ರೈಪಾಡ್ ಬೇಕಿದ್ದರೆ ಮೊದಲೇ ಅನುಮತಿ ಕೇಳಿ.

ಫೋಟೋವನ್ನು ನಡುಹಗಲಿನಲ್ಲಿ ತೆಗೆದರೆ ಉಬ್ಬುತಗ್ಗು ಗೊತ್ತಾಗದೆ ಎಲ್ಲವೂ ಒಂದೇ ಬೂದುಬಣ್ಣವಾಗುತ್ತದೆ, ಗಿಜಿಗಿಜಿಯ ಅರ್ಧ ಕಾರಣ ಅದೇ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲು ಬೀಳುವ ಗೋಡೆ ಆರಿಸಿ. ಹತ್ತಿರ ನಿಂತು ಫೋನಿನ ವೈಡ್ ಲೆನ್ಸ್‌ನಲ್ಲಿ ತೆಗೆದರೆ ಅಂಚುಗಳು ಬಾಗುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡರಷ್ಟು ಜೂಮ್ ಮಾಡಿ, ಪಟ್ಟಿಕೆಯ (ಕೆತ್ತನೆಯ ಅಡ್ಡಸಾಲಿನ) ನೇರ ಎದುರಿಗೆ ನಿಂತು ತೆಗೆಯಿರಿ.

ಹಳೇಬೀಡಿನ ಗೋಡೆಯ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಹೀಗೆ ಪಟ್ಟಿಕೆಗಳು ಏರುತ್ತವೆ. ಒಂದು ಆನೆಯನ್ನು ಹತ್ತು ಸಲ ನಕಲು ಮಾಡಿದರೆ ರಬ್ಬರ್ ಸ್ಟ್ಯಾಂಪ್ ಆಗುತ್ತದೆ. ಪಕ್ಕಪಕ್ಕದ ಮೂರು ಆನೆಗಳನ್ನು ಬರೆದುಕೊಳ್ಳಿ. ಸೊಂಡಿಲಿನ ಬಾಗು, ಎತ್ತಿದ ಕಾಲು ಬೇರೆಬೇರೆ ಇರುವುದರಿಂದಲೇ ಆ ಸಾಲು ನಡೆಯುವಂತೆ ಕಾಣುವುದು. ಪ್ರಿಂಟ್‌ನ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಮೊದಲು ಹೊರರೇಖೆ ಮಾತ್ರ ಎಳೆಯಿರಿ. ಎರಡನೇ ಹಾಳೆಯಲ್ಲಿ ಒಳಗೆರೆಗಳಲ್ಲಿ ಐದನ್ನು ಮಾತ್ರ ಉಳಿಸಿಕೊಳ್ಳಿ. ಅಚ್ಚಾಗುವ ಅಳತೆಯಲ್ಲಿ 0.5 ಮಿ.ಮೀ.ಗಿಂತ ತೆಳುವಾದ ಗೆರೆಯನ್ನು ತೆಗೆದುಬಿಡಿ. ಬಟ್ಟೆಯ ಮೇಲೆ ಅದು ಒಂದೋ ಮೂಡುವುದಿಲ್ಲ, ಇಲ್ಲವೇ ಪಕ್ಕದ್ದರ ಜತೆ ಕಲೆಯುತ್ತದೆ.

ಪ್ರಾಣಿ, ದೇವರ ಮೂರ್ತಿ ಬೇಡ ಎನಿಸಿದರೆ ದೇವಾಲಯದ ನಕ್ಷತ್ರಾಕಾರದ ತಳವಿನ್ಯಾಸದಿಂದಲೇ ಶುರು ಮಾಡಬಹುದು. ಒಂದು ಚೌಕ ಬರೆದು ಅದೇ ಕೇಂದ್ರದ ಮೇಲೆ 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿ ನಕಲು ಮಾಡಿದರೆ 16 ಮೂಲೆಯ ನಕ್ಷತ್ರ ಸಿಗುತ್ತದೆ. ನಡುವಿನ ಗೆರೆಗಳನ್ನು ಅಳಿಸಿ ಹೊರಮೈ ಉಳಿಸಿಕೊಂಡರೆ ಅಂಗಳದಲ್ಲಿ ನಡೆಯುವಾಗ ಪಕ್ಕದಲ್ಲೇ ಮುರಿದು ಮುರಿದು ಸಾಗುವ ಜಗತಿಯ (ದೇವಾಲಯ ನಿಂತ ಎತ್ತರದ ಕಟ್ಟೆಯ) ಅಂಚು ನೆನಪಾಗುತ್ತದೆ.

ಜೋಡಣೆಯ ಗೆರೆಗೆ ಕತ್ತರಿಯ ಉಪಾಯವಿದೆ. 12 ಸೆಂ.ಮೀ. ಚೌಕದ ಕಾಗದದ ನಡುವೆ ಮಾತ್ರ ಬರೆಯಿರಿ, ಅಂಚು ಮುಟ್ಟಬೇಡಿ. ನೇರ ಎರಡಾಗಿ ಕತ್ತರಿಸಿ, ಎಡಬಲ ಅದಲುಬದಲು ಮಾಡಿ ಹಿಂದಿನಿಂದ ಟೇಪ್ ಹಚ್ಚಿ. ಈಗ ಅಡ್ಡ ಕತ್ತರಿಸಿ ಮೇಲೆಕೆಳಗೆ ಬದಲಿಸಿ. ಹಳೆಯ ಅಂಚುಗಳೆಲ್ಲ ನಡುವಿಗೆ ಬಂದು ಅಲ್ಲಿ ಖಾಲಿ ಜಾಗ ತೆರೆದುಕೊಳ್ಳುತ್ತದೆ. ಅದನ್ನು ಬಳ್ಳಿಯಿಂದ ತುಂಬಿ. ಆ ಚೌಕ ಯಾವ ಕಡೆ ಇಟ್ಟರೂ ಕೂಡಿಕೊಳ್ಳುತ್ತದೆ. ಇನ್ನೂ ಅಡ್ಡಸಾಲು ಎದ್ದು ಕಂಡರೆ ಎರಡನೇ ಕಂಬಸಾಲನ್ನು 6 ಸೆಂ.ಮೀ. ಕೆಳಗಿಳಿಸಿ ಜೋಡಿಸಿ ನೋಡಿ. ಆದರೆ ಹಾಗೆ ಇಳಿಸುವುದಾದರೆ ಎಡಬಲದ ಅದಲುಬದಲಿನಲ್ಲೂ ಒಂದು ತುಂಡನ್ನು ಅಷ್ಟೇ ಇಳಿಸಿ ಅಂಟಿಸಬೇಕು, ಇಲ್ಲದಿದ್ದರೆ ಬಳ್ಳಿ ಅಂಚಿನಲ್ಲಿ ತುಂಡಾಗುತ್ತದೆ.

ಸ್ಕ್ರೀನ್ ಪ್ರಿಂಟಿಂಗ್ ಅಸೈನ್‌ಮೆಂಟ್ ಮಳೆಗಾಲದಲ್ಲೇ ಬರುತ್ತದೆ. ಎಮಲ್ಷನ್ (ಸ್ಕ್ರೀನಿಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ಲೇಪ) ತೊಳೆಯುವಾಗ ಚಿತ್ರದ ಸಮೇತ ಎದ್ದು ಹೋಗುತ್ತದೆ. ಎರಡನೇ ಬಣ್ಣ ಯಾವತ್ತೂ ಸರಿಯಾಗಿ ಕೂರುವುದಿಲ್ಲ.
— ವಿದ್ಯಾರ್ಥಿಗಳ ಗುಂಪು, ಸಕಲೇಶಪುರ

ಎರಡೂ ತೊಂದರೆಗೆ ಮೂಲ ಗಾಳಿಯ ತೇವ. ಒಣಗಿದಂತೆ ಕಂಡ ಎಮಲ್ಷನ್ ಒಳಗೆ ಹಸಿಯಾಗಿಯೇ ಇರುತ್ತದೆ, ಹಸಿ ಎಮಲ್ಷನ್ ಬೆಳಕಿಗೆ ಗಟ್ಟಿಯಾಗುವುದಿಲ್ಲ. ಹೊರಮೈಗೆ ಒಂದು, ಒಳಮೈಗೆ ಒಂದು, ಹೀಗೆ ತೆಳುವಾದ ಎರಡೇ ಲೇಪ ಕೊಡಿ. ಅಚ್ಚಾಗುವ ಮೈ ಕೆಳಮುಖವಾಗಿ ಸ್ಕ್ರೀನನ್ನು ಮಟ್ಟಸವಾಗಿ ಇಟ್ಟು, ಹಳದಿ ಬಲ್ಬಿನ ಕೋಣೆಯಲ್ಲಿ ಫ್ಯಾನ್ ಹಾಕಿ ಒಣಗಿಸಿ. ಬೇಸಿಗೆಯಲ್ಲಿ ಒಂದು ಗಂಟೆ ಹಿಡಿದರೆ ಜುಲೈನಲ್ಲಿ ಇಡೀ ರಾತ್ರಿ ಬೇಕಾಗಬಹುದು. ಬಿಸಿಗಾಳಿ ಕೊಟ್ಟರೂ 40 ಡಿಗ್ರಿ ದಾಟಬಾರದು, ದಾಟಿದರೆ ಬೆಳಕು ಕಾಣುವ ಮೊದಲೇ ಎಮಲ್ಷನ್ ಬಲಿತು ಚಿತ್ರ ತೆರೆದುಕೊಳ್ಳುವುದಿಲ್ಲ. ಫಿಲ್ಮ್ ಇಟ್ಟು ತೆಗೆದಾಗ ಅಂಟಿದ ಗುರುತು ಉಳಿದರೆ ಇನ್ನೂ ಒಣಗಿಲ್ಲವೆಂದೇ ಅರ್ಥ.

ಮಳೆಗಾಲದ ಬಿಸಿಲನ್ನು ಎಕ್ಸ್‌ಪೋಷರ್‌ಗೆ ನಂಬುವಂತಿಲ್ಲ, ಮೋಡ ಬಂದು ಹೋಗುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. ಅಲ್ಟ್ರಾವಯೊಲೆಟ್ ದೀಪ ಬಳಸಿ, ಮೊದಲು ಪರೀಕ್ಷೆ ಮಾಡಿ. ಫಿಲ್ಮಿನ ಮೇಲೆ ರಟ್ಟು ಮುಚ್ಚಿ 30 ಸೆಕೆಂಡಿಗೊಮ್ಮೆ ಎರಡೆರಡು ಇಂಚು ಸರಿಸುತ್ತ ಐದು ಪಟ್ಟಿ ತೆಗೆಯಿರಿ. ತೊಳೆದಾಗ ಲೋಳೆಯಾದ ಪಟ್ಟಿಗೆ ಬೆಳಕು ಸಾಲದು, ಸಣ್ಣ ಗೆರೆ ತೆರೆಯದ ಪಟ್ಟಿಗೆ ಬೆಳಕು ಹೆಚ್ಚಾಯಿತು. ನಡುವಿನದೇ ನಿಮ್ಮ ದೀಪದ, ನಿಮ್ಮ ಎಮಲ್ಷನ್ನಿನ ಸಮಯ. ಸ್ಕ್ರೀನ್ ಚೌಕಟ್ಟಿನ ಮೇಲೇ ಬರೆದಿಡಿ. ಟ್ರೇಸಿಂಗ್ ಹಾಳೆಯ ಮೇಲಿನ ಲೇಸರ್ ಪ್ರಿಂಟ್‌ನ ಕಪ್ಪು ಸಾಲದೆ ಬೆಳಕು ತೂರಿಹೋದರೆ ಎರಡು ಪ್ರತಿಯನ್ನು ಒಂದರ ಮೇಲೊಂದು ಹೊಂದಿಸಿ ಅಂಟಿಸಿ. ಚೀಲದಂಥ ಬಟ್ಟೆಗೆ 43 ಟಿ (ಸೆಂ.ಮೀ.ಗೆ 43 ಎಳೆಯ) ಜಾಲರಿ, ಕಾಗದಕ್ಕೆ 90ರಿಂದ 120 ಟಿ.

ಇನ್ನು ಎರಡನೇ ಬಣ್ಣ. ಕಾಗದ ತೇವ ಕುಡಿದು ಹಿಗ್ಗುತ್ತದೆ. ನಿನ್ನೆ ಅಚ್ಚು ಹಾಕಿದ ಎ3 ಹಾಳೆ ಇವತ್ತು ಅದೇ ಅಳತೆಯಲ್ಲಿರುವುದಿಲ್ಲ. 200 ಜಿಎಸ್‌ಎಂಗಿಂತ ದಪ್ಪ ಕಾಗದ ತಂದು, ಹಿಂದಿನ ರಾತ್ರಿಯೇ ಅಚ್ಚಿನ ಕೋಣೆಯಲ್ಲಿ ಬಿಡಿಸಿಟ್ಟು, ಎಲ್ಲ ಬಣ್ಣವನ್ನೂ ಒಂದೇ ದಿನ ಮುಗಿಸಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ತಿಳಿ ಬಣ್ಣವನ್ನು ಗಾಢದ ಅಡಿಗೆ 0.3ರಿಂದ 0.5 ಮಿ.ಮೀ. ಚಾಚಿ ಬಿಟ್ಟರೆ ಕೂದಲೆಳೆ ತಪ್ಪಿದರೂ ಬಿಳಿಗೆರೆ ಇಣುಕುವುದಿಲ್ಲ. ಹಾಳೆ ಮತ್ತು ಸ್ಕ್ರೀನ್ ನಡುವೆ ಎರಡು ಮೂರು ಮಿ.ಮೀ. ಎತ್ತರಕ್ಕೆ ನಾಣ್ಯವನ್ನೋ ರಟ್ಟನ್ನೋ ಅಂಟಿಸಿ, ಇಲ್ಲದಿದ್ದರೆ ಹಾಳೆ ಸ್ಕ್ರೀನಿಗೇ ಅಂಟಿ ಮೇಲೇಳುವಾಗ ಅಚ್ಚು ಕದಡುತ್ತದೆ.

ಡೈಕ್ರೋಮೇಟ್ ಬೆರೆಸುವ ಎಮಲ್ಷನ್ ಬಳಸುತ್ತಿದ್ದರೆ ಕೈಗವಸು ಕಡ್ಡಾಯ. ಅದು ವಿಷ, ಚರ್ಮಕ್ಕೂ ನೀರಿಗೂ. ತೊಳೆದ ನೀರನ್ನು ಹಳ್ಳ ಸೇರುವ ಚರಂಡಿಗೆ ಬಿಡಬೇಡಿ. ಡಯಾಜೋ ಅಥವಾ ಸಿದ್ಧ ಫೋಟೋಪಾಲಿಮರ್ ಎಮಲ್ಷನ್ ತುಸು ದುಬಾರಿಯಾದರೂ ವಿದ್ಯಾರ್ಥಿಗಳ ಕೈಗೆ ಅದೇ ತಕ್ಕದ್ದು.

16 ಪುಟದ ಎ5 ಪುಸ್ತಿಕೆ ಪ್ರಿಂಟ್ ತೆಗೆಸಿದೆ, ಪುಟಗಳು ಕಲಸಿಹೋಗಿ ಅರ್ಧ ತಲೆಕೆಳಗಾಗಿವೆ.
— ವಿದ್ಯಾರ್ಥಿ, ಅರಸೀಕೆರೆ

ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಸಂಖ್ಯೆ 4ರಿಂದ ಭಾಗವಾಗಬೇಕು, ನಿಮ್ಮದು ಆಗುತ್ತದೆ. ಹಾಳೆಯ ಒಂದು ಮೈಯಲ್ಲಿ ಅಕ್ಕಪಕ್ಕ ಬರುವ ಎರಡು ಪುಟಗಳ ಮೊತ್ತ ಯಾವಾಗಲೂ ಒಟ್ಟು ಪುಟಕ್ಕಿಂತ ಒಂದು ಹೆಚ್ಚು. 16 ಪುಟಕ್ಕೆ 17: ಮೊದಲ ಹಾಳೆಯ ಹೊರಗೆ 16 ಮತ್ತು 1, ಒಳಗೆ 2 ಮತ್ತು 15. ಆಮೇಲೆ 14-3, 4-13, 12-5, 6-11, 10-7, 8-9. ತಲೆಕೆಳಗಾದದ್ದು ಎರಡು ಮೈ ಪ್ರಿಂಟ್ ಮಾಡುವಾಗ ಉದ್ದನೆ ಅಂಚಿಗೆ ತಿರುಗಿಸಿದ್ದರಿಂದ. ಅಡ್ಡ ಇಟ್ಟ ಎ4 ಹಾಳೆಯನ್ನು ಗಿಡ್ಡ ಅಂಚಿಗೆ ತಿರುಗಿಸುವ ಆಯ್ಕೆ ಒತ್ತಬೇಕು. ಪ್ರೆಸ್‌ಗೆ ಕೊಡುವುದಾದರೆ ಈ ಜೋಡಣೆ ನಿಮಗೆ ಬೇಡ, ಬಿಡಿ ಪುಟಗಳನ್ನು ಕ್ರಮವಾಗಿ ಕೊಡಿ.

ಮಡಚಿದಾಗ ಒಳಹಾಳೆಗಳು ಹೊರಕ್ಕೆ ಚಾಚಿ ಕಟಿಂಗ್‌ನಲ್ಲಿ ಹೆಚ್ಚು ಕತ್ತರಿಸಿಹೋಗುತ್ತವೆ. ನಾಲ್ಕು ಹಾಳೆಗೆ ಅದು ಅರ್ಧ ಮಿ.ಮೀ. ಆಸುಪಾಸು, ಹತ್ತು ಹಾಳೆಗೆ ಒಂದು ಮಿ.ಮೀ. ದಾಟುತ್ತದೆ. ಪುಟಸಂಖ್ಯೆಯನ್ನು ಅಂಚಿನಿಂದ 8 ಮಿ.ಮೀ. ಒಳಗಿಡಿ. ರಕ್ಷಾಪುಟದ 250 ಜಿಎಸ್‌ಎಂ ಆರ್ಟ್ ಕಾರ್ಡನ್ನು ಕ್ರೀಸಿಂಗ್ ಮಾಡಿಸದೆ (ಮಡಿಕೆಯ ಗೆರೆ ಮೊದಲೇ ಒತ್ತಿಸದೆ) ಮಡಚಿದರೆ ಬೆನ್ನಿನ ಬಣ್ಣ ಬಿರಿದು ಬಿಳಿ ಕಾಣುತ್ತದೆ. ಕಾಗದದ ನಾರು ಬೆನ್ನಿನ ಉದ್ದಕ್ಕೆ ಇರಲಿ. ತಿಳಿಯುವುದು ಹೀಗೆ: ಕೈಯಗಲದ ತುಂಡಿನ ಒಂದು ಮೈಗೆ ನೀರು ಸವರಿ, ಅದು ಕೊಳವೆಯಂತೆ ಸುರುಳಿಯಾಗುತ್ತದೆ, ಕೊಳವೆ ಉದ್ದಕ್ಕೆ ಇರುವ ದಿಕ್ಕೇ ನಾರಿನ ದಿಕ್ಕು.

ಪರದೆಯಲ್ಲಿ ಕಂಡ ನೀಲಿ ಪ್ರಿಂಟ್‌ನಲ್ಲಿ ನೇರಳೆ ಆಗುತ್ತದೆ, ಕ್ರಾಫ್ಟ್ ಕಾಗದದ ಮೇಲೆ ಬಿಳಿ ಅಕ್ಷರ ಮೂಡುವುದೇ ಇಲ್ಲ.
— ವಿದ್ಯಾರ್ಥಿನಿ, ಕಡೂರು

ಪರದೆಯ ಕಡುನೀಲಿಯನ್ನು ಸಿಎಂವೈಕೆಗೆ (ಅಚ್ಚಿನ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳಿಗೆ) ತಂದಾಗ ಮೆಜೆಂಟಾ ಸಯಾನ್‌ನ ಹತ್ತಿರಕ್ಕೆ ಏರುತ್ತದೆ, ಅದೇ ನೇರಳೆ. ಸಯಾನ್ 100 ಇದ್ದರೆ ಮೆಜೆಂಟಾ 70 ದಾಟದಿರಲಿ. ನಾಲ್ಕು ಬಣ್ಣದ ಅಚ್ಚಿನಲ್ಲಿ ಬಿಳಿ ಎಂಬ ಶಾಯಿ ಇಲ್ಲ, ಕಾಗದದ ಬಣ್ಣವೇ ಬಿಳಿ. ಕ್ರಾಫ್ಟ್ ಮೇಲೆ ಬೇಕಿದ್ದರೆ ಸ್ಕ್ರೀನ್ ಪ್ರಿಂಟ್‌ನ ಬಿಳಿ ಶಾಯಿ ಅಥವಾ ಬಿಳಿ ಲೇಬಲ್. ಸಣ್ಣ ಅಕ್ಷರಗಳ ಕಪ್ಪು ಕೆ 100 ಮಾತ್ರ ಇರಲಿ. ನಾಲ್ಕೂ ಬಣ್ಣ ಬೆರೆಸಿದರೆ ಒಂದು ಬಣ್ಣದ ಅಚ್ಚಿನ ಪ್ಲೇಟ್ ಸರಿದರೂ ಅಕ್ಷರಕ್ಕೆ ನೆರಳು ಮೂಡುತ್ತದೆ. ನೀವು ಬಳಸುವ ಬಣ್ಣಗಳ ಚೌಕಗಳನ್ನು ಒಂದು ಹಾಳೆಯಲ್ಲಿ ಜೋಡಿಸಿ, ಅದೇ ಅಂಗಡಿಯಲ್ಲಿ, ಅದೇ ಕಾಗದದ ಮೇಲೆ ಒಂದು ಪ್ರಿಂಟ್ ತೆಗೆಸಿ, ಅದನ್ನು ನೋಡಿ ಬಣ್ಣ ಆರಿಸಿ.

ಸ್ವಂತ ಕನ್ನಡ ಅಕ್ಷರ ಬರೆಯುವ ಪ್ರಾಜೆಕ್ಟ್ ಆರಿಸಿಕೊಂಡಿದ್ದೇನೆ. ಆರು ವಾರ ಸಮಯವಿದೆ. ಇಡೀ ವರ್ಣಮಾಲೆ ಮುಗಿಸಬಹುದೇ? ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಲಿ?
— ವಿದ್ಯಾರ್ಥಿನಿ, ಹಾಸನ

ಆರು ವಾರಕ್ಕೆ ಇಡೀ ವರ್ಣಮಾಲೆ, ಗುಣಿತ, ಒತ್ತು ಎಲ್ಲ ಆಗದು. ಐದು ಪದಗಳನ್ನು ಚೆನ್ನಾಗಿ ಬರೆಯುವ ಗುರಿ ಇಟ್ಟುಕೊಳ್ಳಿ.

ಆಧಾರಕ್ಕೆ ನಿಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದ್ದು, 16 ಸಾಲು, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರಿನ ಕನ್ನಡ ಸಾಲಿದೆ. ಬೇಲೂರು, ಹಳೇಬೀಡುಗಳಲ್ಲಿ ಹೊಯ್ಸಳರ ಕಾಲದ ಶಾಸನಗಳಿವೆ. ಈ ಮೂರರಿಂದಲೂ ಒಂದೇ ಅಕ್ಷರವನ್ನು, ಉದಾಹರಣೆಗೆ 'ಮ'ವನ್ನು, ಒಂದೇ ಎತ್ತರಕ್ಕೆ ಬರೆದು ಇಂದಿನ ಅಚ್ಚಿನ 'ಮ'ದ ಪಕ್ಕ ಇಡಿ. ತಲೆಕಟ್ಟು ಹೇಗೆ ಬೆಳೆಯಿತು, ದೇಹ ಹೇಗೆ ದುಂಡಾಯಿತು ಎಂಬುದು ನಿಮ್ಮ ಕೈಗೇ ತಿಳಿಯುತ್ತದೆ. ನಿಮ್ಮ ಪ್ರಾಜೆಕ್ಟ್‌ನ ಮೊದಲ ಹಾಳೆ ಅದೇ ಆಗಲಿ.

ಬರೆಯುವುದನ್ನು 'ರ'ದಿಂದ ಶುರು ಮಾಡಿ. ಅದರ ದುಂಡು, ತಲೆಕಟ್ಟು, ಗೆರೆಯ ದಪ್ಪ ಮೂರೂ ತೀರ್ಮಾನವಾದರೆ ದ, ಡ, ಧ, ಥ, ಠ ಅದರ ಒಡಹುಟ್ಟಿದವುಗಳಂತೆ ಬರುತ್ತವೆ. ಆಮೇಲೆ ತಲೆಕಟ್ಟೇ ಇಲ್ಲದ ಜ, ಬ, ಲ, ಣ. ಇವನ್ನು ಉಳಿದವುಗಳ ಎತ್ತರಕ್ಕೇ ಕೂರಿಸಿದರೆ ಸಾಲಿನಲ್ಲಿ ಕುಳ್ಳಾಗಿ ಕಾಣುತ್ತವೆ, ತುಸು ಮೇಲಕ್ಕೆ ಬೆಳೆಸಬೇಕು. ದುಂಡು ಅಕ್ಷರ ಅಡಿಗೆರೆಯನ್ನು ಕೂದಲೆಳೆಯಷ್ಟು ದಾಟಿ ಇಳಿಯಲಿ, ಸರಿಯಾಗಿ ಗೆರೆಯ ಮೇಲೆ ನಿಲ್ಲಿಸಿದರೆ ತೇಲಿದಂತೆ ಕಾಣುತ್ತದೆ. ಒತ್ತಕ್ಷರವನ್ನು ಮೂಲ ಅಕ್ಷರವನ್ನೇ ಅರ್ಧಕ್ಕೆ ಕುಗ್ಗಿಸಿ ಇಡಬೇಡಿ. ಗೆರೆಯ ದಪ್ಪವೂ ಅರ್ಧವಾಗಿ ಒತ್ತು ಸೊರಗುತ್ತದೆ. ಚಿಕ್ಕದಾಗಿ ಹೊಸದಾಗಿಯೇ ಬರೆದು, ಗೆರೆಯನ್ನು ಮೂಲದ್ದಕ್ಕಿಂತ ಅತಿ ಸ್ವಲ್ಪ ಮಾತ್ರ ತೆಳು ಮಾಡಿ.

ಐದು ಪದಗಳನ್ನು ಕಷ್ಟಗಳೆಲ್ಲ ಬರುವಂತೆ ಆರಿಸಿ. ಹಾಸನ, ಬೇಲೂರು, ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಶ್ರವಣಬೆಳಗೊಳ ಇಷ್ಟರಲ್ಲೇ ಗುಡಿಸು, ಏತ್ವ, ಕೊಂಬು, ಮೂರು ಸಜಾತಿ ಒತ್ತು, ಒಂದು ರ-ವತ್ತು, ತಲೆಕಟ್ಟಿಲ್ಲದ ಅಕ್ಷರ ಎಲ್ಲ ಸಿಗುತ್ತವೆ. ಪ್ರತಿ ಪದವನ್ನೂ ಮೊದಲು, ಬೇಕಾದಷ್ಟು ಎ3 ಹಾಳೆಗಳನ್ನು ಅಕ್ಕಪಕ್ಕ ಜೋಡಿಸಿ, 10 ಸೆಂ.ಮೀ. ಎತ್ತರಕ್ಕೆ ಬರೆಯಿರಿ. ಅದನ್ನು ಗೋಡೆಗೆ ಅಂಟಿಸಿ, ಮೂರು ಮೀಟರ್ ದೂರದಿಂದ ಕಣ್ಣು ಕಿರಿದಾಗಿಸಿ ನೋಡಿ: ಮುಳ್ಳಯ್ಯನಗಿರಿಯ ಎರಡು ಒತ್ತುಗಳ ಬಳಿ ಕಪ್ಪು ಗಂಟು ಕಟ್ಟಿದಂತೆ ಕಂಡರೆ ಆ ಎರಡು ಒತ್ತುಗಳ ನಡುವಿನ ಜಾಗವನ್ನೇ ಮೊದಲು ತಿದ್ದಬೇಕು.